ಗೊಂಬೆ ಶೆಲ್ಫ್‌ನೊಳಗೆ ಪ್ರೊಜೆಕ್ಟರ್: ನನ್ನ ಅನುಭವ

ಪ್ರೊಜೆಕ್ಟರ್ ತರೋಣ ಅಂದಾಗ ‘ಹಾಲ್‌ನಲ್ಲಿ ಕರಿ ಡಬ್ಬ ನೇತಾಡಬಾರದು’ ಅಂತ ನನ್ನ ಹೆಂಡತಿ ಮೊದಲೇ ಹೇಳಿದ್ದಳು. ‘ಮುಚ್ಚಿಟ್ರೆ ಸುಟ್ಟುಹೋಗುತ್ತೆ ಸಾರ್, ಫಾಲ್ಸ್ ಸೀಲಿಂಗ್ ಮಾಡಿಸಿ, ಅದರೊಳಗಿಂದ ಮಷೀನ್ ಇಳಿಸೋ ಲಿಫ್ಟ್ ಹಾಕಿಸಿ’ ಅಂದರು ಇಂಟೀರಿಯರ್‌ನವರು. ಬರೀ ಅದಕ್ಕೇ ಒಂದೂವರೆ ಲಕ್ಷ ಕೇಳಿದರು. ಭಾವನೂ ಆಗಲ್ಲ ಅಂದರು. ಈಗ ಎರಡು ವರ್ಷವಾಯಿತು, ದಿನಾ ಓಡುತ್ತಿದೆ. ಕಳೆದ ದಸರಾಗೆ ಬಂದ ಭಾವ ಗೋಡೆ ತುಂಬಾ ಪಂಜಿನ ಕವಾಯತು ನೋಡಿದರು. ಆಮೇಲೆ ‘ಮಷೀನ್ ಎಲ್ಲಿಟ್ಟಿದ್ದೀಯೋ?’ ಅಂತ ಕೇಳಿದರು.

ಮೈಸೂರಿನ ನಮ್ಮ ಮನೆ ಹಳೆಯದು. ಹಾಲ್ ಸುಮಾರು 13 ಅಡಿ ಉದ್ದ, ಬಾಗಿಲ ಮೇಲೆ ವೆಂಟಿಲೇಟರ್. ಅದರ ಮುಂದೆಯೇ ಪ್ಲೈವುಡ್ ಡಬ್ಬ ಮಾಡಿಸಿ, ಮೇಲೆ ಚನ್ನಪಟ್ಟಣದ ಗೊಂಬೆ ಜೋಡಿಸಿದೆ. ಲೆನ್ಸಿನಿಂದ ಗೋಡೆಗೆ 11 ಅಡಿ, ಚಿತ್ರ 100 ಇಂಚು.

ಮೊದಲ ಸಲ ಡಬ್ಬದ ಮುಂದೆ ಗಾಜು ಹಾಕಿಸಿದ್ದೆ. ಕಪ್ಪು ದೃಶ್ಯದಲ್ಲಿ ಬಿಳಿ ಅಕ್ಷರ ಬಂದರೆ ಪಕ್ಕದಲ್ಲೇ ಅದರ ಮಸುಕು ನೆರಳು. ಅದಕ್ಕಿಂತ ಜಾಸ್ತಿ ಕಾಟ ಬಿಸಿಯದ್ದು. ಆನ್ ಮಾಡಿದ ಇಪ್ಪತ್ತೈದು ನಿಮಿಷಕ್ಕೆ ತಾನೇ ಆಫ್. ಗಾಜು ತೆಗೆಸಿದೆ, 1,800 ಹೋಯಿತು. ಆದರೂ ನಲವತ್ತು ನಿಮಿಷಕ್ಕೆ ಮತ್ತೆ ಆಫ್!

ಒಂದು ರಾತ್ರಿ ಡಬ್ಬದ ಪಕ್ಕ ಊದಿನಕಡ್ಡಿ ಹಿಡಿದು ನೋಡಿದೆ. ಬಲಗಡೆ ಹೊರಗೆ ಬಂದ ಗಾಳಿ ಡಬ್ಬದ ಹಿಂಭಾಗ ಸುತ್ತಿಕೊಂಡು ನೇರ ಎಡಗಡೆ ಒಳಗೆ ಹೋಗುತ್ತಿತ್ತು. ಮಷೀನ್ ತನ್ನ ಬಿಸಿಯನ್ನೇ ಕುಡಿಯುತ್ತಿತ್ತು. ಮಧ್ಯೆ ಒಂದು ಹಲಗೆ ಅಡ್ಡ ಹೊಡೆಸಿದೆ. ಬಲಗಡೆ ಗಾಳಿಯನ್ನು ವೆಂಟಿಲೇಟರಿಗೆ ತಿರುಗಿಸಿ, ಕಂಪ್ಯೂಟರಿನ 120 ಎಂಎಂ ಫ್ಯಾನ್ ಎರಡು ಕೂರಿಸಿದೆ. 12 ವೋಲ್ಟ್‌ನವು, 7ರಲ್ಲಿ ಓಡಿಸುತ್ತೇನೆ, ಸದ್ದೇ ಇಲ್ಲ. ಏಪ್ರಿಲ್ ಸೆಕೆಯಲ್ಲೂ ಮೂರು ಗಂಟೆ ಓಡಿದೆ.

ಇನ್ನೊಂದು ತಪ್ಪು ಕೀಸ್ಟೋನ್ ನಂಬಿದ್ದು, ಅಂದರೆ ಸೊಟ್ಟಗೆ ಬಿದ್ದ ಚಿತ್ರವನ್ನು ಮಷೀನೊಳಗೇ ಚೌಕ ಮಾಡುವ ಸೆಟ್ಟಿಂಗ್. ಮಷೀನನ್ನು ನೆಟ್ಟಗೆ ಇಟ್ಟು, ಮುಂದಕ್ಕೆ ಬಾಗಿಸಿ, ಕೀಸ್ಟೋನಿನಲ್ಲಿ ಸರಿಮಾಡಿದ್ದೆ. ಮೂಲೆಯ ಅಕ್ಷರವೆಲ್ಲ ಕಲಸಿಹೋದವು. ಡಬ್ಬದ ಮೇಲಿನ ಹಲಗೆಗೆ ತಲೆಕೆಳಗಾಗಿ ನೇತುಹಾಕಿದೆ. ಹಾಗೆ ನೇತುಹಾಕಿದರೆ ಬಾಗಿಸದೆಯೇ ಚಿತ್ರ ಕೆಳಕ್ಕೆ ಬೀಳುತ್ತೆ. ಕೀಸ್ಟೋನ್ ಸೊನ್ನೆಗೆ ಬಂತು, ಚಿತ್ರ ಚೂಪಾಯಿತು. ಬಾಗಿಲು ಜೋರಾಗಿ ಹಾಕಿದರೆ ಚಿತ್ರ ನಡುಗುತ್ತಿತ್ತು. ರಬ್ಬರ್ ವಾಷರ್ ಕೊಟ್ಟ ಮೇಲೆ ನಿಂತಿತು.

ಕೇಬಲ್ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಮುಕ್ಕಾಲು ಇಂಚಿನ ಪೈಪ್ ಹಾಕಿಸಿ ಸಿಮೆಂಟ್ ಮೆತ್ತಿಸಿದ ಮೇಲೆ ನೋಡಿದರೆ, ಚಿತ್ರ, ಸದ್ದು ಸಾಗಿಸುವ ಎಚ್‌ಡಿಎಂಐ ಕೇಬಲ್‌ನ ತಲೆ ಬೆಂಡಿನಲ್ಲಿ ದಾಟಲೇ ಇಲ್ಲ. ಗೋಡೆ ಮತ್ತೆ ಒಡೆಸಿ ದೊಡ್ಡ ಪೈಪ್ ಹಾಕಿಸಿದೆ. 15 ಮೀಟರ್ ತಾಮ್ರದ ಕೇಬಲ್‌ನಲ್ಲಿ 4ಕೆ ಚಿತ್ರ ಚುಕ್ಕಿ ಚುಕ್ಕಿ. ಕೊನೆಗೆ ತಲೆ ಬಿಚ್ಚುವ, ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಕೇಬಲ್ ತಂದೆ, ಐದೂವರೆ ಸಾವಿರ. ಅದಕ್ಕೆ ದಿಕ್ಕು ಇರುತ್ತೆ, ಎಳೆಯುವ ಮೊದಲು ಬಾಣದ ಗುರುತು ನೋಡಿಕೊಳ್ಳಿ. ನಾನು ಉಲ್ಟಾ ಎಳೆದು ಒಂದು ಭಾನುವಾರ ಕಳೆದೆ.

ಪರದೆ ಇಲ್ಲ, ಗೋಡೆಯೇ ಪರದೆ. ಪುಟ್ಟಿ ಉಜ್ಜುವಾಗ ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಬಿಡಿ, ಒಂದೊಂದು ಉಬ್ಬೂ ಕಾಣುತ್ತೆ. ಬಣ್ಣ ತಿಳಿ ಬೂದು, ಮ್ಯಾಟ್. ಸುಮ್ನೆ ಇರಲಾರದೆ ರಟ್ಟಿನ ಮೇಲೆ ಏಳೆಂಟು ಬೂದು ಬಳಿದು ನೋಡಿದ್ದೆ. ಗಾಢವಾದರೆ ಕಪ್ಪು ಚೆನ್ನ, ಮುಖ ಮಂಕು. ಕೊನೆಗೆ ಹಿಡಿಸಿದ ಅಳತೆ ನನ್ನ ಹತ್ತಿರವೇ ಇರಲಿ. ಡಬ್ಬದ ಮುಂದಿನ ಮುಚ್ಚಳ ಹೇಗೆ ಏಳುತ್ತೆ ಅನ್ನೋದೂ ನನಗೂ ಬಡಗಿಗೂ ಬಿಟ್ಟದ್ದು.

ಲೆಕ್ಕ ನೆನಪಿನಿಂದ: ಪ್ರೊಜೆಕ್ಟರ್ 70 ಸಾವಿರ, ಮರಗೆಲಸ 9, ಗೋಡೆ 4, ಫ್ಯಾನ್ ಗೀನ್ ಒಂದೂವರೆ. ಕೇಬಲ್ ಸೇರಿ 90ರ ಆಸುಪಾಸು. ತಪ್ಪುಗಳಿಗೆ ಹೋದ 12 ಸಾವಿರ ಬೇರೆ.

ಈಗ ಸ್ಪೀಕರ್ ಹಿಂದೆ ಬಿದ್ದಿದ್ದೇನೆ. ದಿವಾನದ ಕೆಳಗೆ ಸಬ್‌ವೂಫರ್ (ಗುಡುಗಿನಂಥ ದಪ್ಪ ಸದ್ದಿನ ಸ್ಪೀಕರ್) ತೂರಿಸಿದರೆ ಹಲಗೆ ಗುಂಯ್ ಅನ್ನುತ್ತೆ. ಹಳೆ ಕಂಬಳಿ ಮಡಿಸಿ ಕೊಟ್ಟಿದ್ದೇನೆ, ಅರ್ಧ ಕಮ್ಮಿಯಾಗಿದೆ.