ಬಸಿಗಾಲುವೆಯ ಪ್ಯಾಂಚಾಕ್ಸ್ ಮರಿ ಮಾಡಿದ ಬಗೆ

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಬಸಿಗಾಲುವೆಯಲ್ಲಿ, ಮಳೆ ಕಡಿಮೆಯಾಗಿ ನೀರಿನ ಸೆಳೆತ ತಗ್ಗಿದ ಮೇಲೆ, ಜರಿಗಿಡಗಳ ನೆರಳಿನಲ್ಲಿ ಬೆರಳುದ್ದದ ಮೀನುಗಳು ನೀರಿನ ಮೇಲ್ಪದರಕ್ಕೆ ಅಂಟಿಕೊಂಡಂತೆ ನಿಂತಿರುತ್ತವೆ. ಇವು ಪಶ್ಚಿಮಘಟ್ಟದ ಪಟ್ಟೆ ಪ್ಯಾಂಚಾಕ್ಸ್, ಅಪ್ಲೋಕೈಲಸ್ ಲಿನಿಯೇಟಸ್. ಚಪ್ಪಟೆ ಬೆನ್ನು ಮತ್ತು ಮೇಲ್ಮುಖವಾದ ಬಾಯಿಯ ಈ ಮೀನು ನೀರಿಗೆ ಬಿದ್ದ ಇರುವೆಯನ್ನೂ ಸೊಳ್ಳೆಮರಿಯನ್ನೂ ಹಿಡಿದು ತಿನ್ನುತ್ತದೆ. ಬಾನಿನತ್ತ ಕಣ್ಣಿಟ್ಟದ್ದು ಎಂಬ ಅರ್ಥದಲ್ಲಿ ಮಲಯಾಳಿಗಳು ಈ ಜಾತಿಯ ಮೀನುಗಳನ್ನು ಮಾನತ್ತುಕಣ್ಣಿ ಎನ್ನುತ್ತಾರೆ. ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆದಿಲ್ಲ.

ಮೊದಲ ಸಲ ನಾಲ್ಕು ಮೀನು ತಂದು ಎರಡಡಿಯ ಗಾಜಿನ ತೊಟ್ಟಿಯಲ್ಲಿ ಬಿಟ್ಟಾಗ, ಜೋರಾದ ಫಿಲ್ಟರ್ ಮತ್ತು ಪ್ರಖರ ದೀಪ ಹಾಕಿದ್ದೆ. ಅವು ಮೂಲೆ ಸೇರಿ ಬಣ್ಣಗೆಟ್ಟವು. ಕೊಳವೆಗಾಗಿ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಿಂದ ಹಾರಿದ ಒಂದು, ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಆ ದಿನವೇ ಥರ್ಮಾಮೀಟರ್ ಹಿಡಿದು ಕಾಲುವೆಯ ದಂಡೆಯಲ್ಲಿ ಕುಳಿತೆ. ನೀರು 23 ಡಿಗ್ರಿ ಇತ್ತು, ಆಳ ಮೊಣಕಾಲಿಗಿಂತ ಕಡಿಮೆ, ಮೀನು ನಿಂತ ಕಡೆ ಸೆಳೆತವೇ ಇಲ್ಲ, ಕೊಳೆತ ಎಲೆಗಳಿಂದ ನೀರಿಗೆ ತೆಳು ಚಹಾದ ಬಣ್ಣ ಬಂದಿತ್ತು.

ಮನೆಗೆ ಬಂದು ತೊಟ್ಟಿಯನ್ನು ಅದರಂತೆಯೇ ಬದಲಿಸಿದೆ. ನಿಧಾನಕ್ಕೆ ಗಾಳಿ ಬಿಡುವ ಸ್ಪಂಜಿನ ಫಿಲ್ಟರ್ ಇಟ್ಟು, ನೀರನ್ನು ನಾಲ್ಕು ಬೆರಳು ತಗ್ಗಿಸಿ, ಮೇಲೆ ಸಂದಿಯಿಲ್ಲದಂತೆ ಜಾಲರಿ ಬಿಗಿದು, ಒಣಗಿದ ಕಾಡುಬಾದಾಮಿ ಎಲೆ ಹಾಕಿ, ಮುಕ್ಕಾಲು ಭಾಗ ಅಂತರಗಂಗೆ ಮುಚ್ಚುವಂತೆ ಬಿಟ್ಟೆ. ವಾರದೊಳಗೆ ಗಂಡಿನ ಮೈಮೇಲೆ ಬಂಗಾರದ ಚುಕ್ಕೆಗಳ ಸಾಲು ಮರಳಿತು.

ಒಂದು ಗಂಡಿಗೆ ಎರಡು ಹೆಣ್ಣು ಇಟ್ಟಿದ್ದೆ. ಮೈಮೇಲಿನ ಅಡ್ಡಪಟ್ಟೆಗಳು ಎದ್ದು ಕಾಣುವುದು ಹೆಣ್ಣಿನಲ್ಲಿ. ಹೆಣ್ಣು ಒಮ್ಮೆಗೇ ಮೊಟ್ಟೆ ಇಡದೆ ದಿನಕ್ಕೆ ಕೆಲವನ್ನಷ್ಟೇ ಅಂತರಗಂಗೆಯ ಬೇರಿಗೆ ಅಂಟಿಸುತ್ತದೆ. ಬೇರನ್ನು ಬೆಳಕಿಗೆ ಹಿಡಿದರೆ, ಬೆಂದ ಸಾಬಕ್ಕಿಯನ್ನು ಕುಗ್ಗಿಸಿದಂಥ ಎರಡು ಮಿಲಿಮೀಟರಿನ ಪಾರದರ್ಶಕ ಕಾಳುಗಳು ಕಾಣುತ್ತವೆ. ಬೆರಳಿನಿಂದ ಬಿಡಿಸಿದರೂ ಒಡೆಯುವುದಿಲ್ಲ. ಎರಡು ದಿನಕ್ಕೊಮ್ಮೆ ಅವನ್ನು ಬೇರೆ ಬೋಗುಣಿಗೆ ಹಾಕಿ, ಬೆಳ್ಳಗಾಗಿ ಬೂಸಲು ಹಿಡಿದವನ್ನು ತೆಗೆಯುತ್ತಿದ್ದೆ. ಏಳೆಂಟು ದಿನಕ್ಕೆ ಒಳಗೆ ಎರಡು ಕಪ್ಪು ಕಣ್ಣು ಮೂಡಿದವು; ಹದಿಮೂರನೆಯ ದಿನ ಮರಿಗಳು ಹೊರಬಂದವು.

ದೊಡ್ಡ ಮರಿ ಚಿಕ್ಕದನ್ನು ನುಂಗುತ್ತದೆ ಎಂಬುದು ತಡವಾಗಿ ತಿಳಿಯಿತು. ಆಮೇಲೆ ವಾರವಾರದ ಮರಿಗಳನ್ನು ಬೇರೆ ಬೇರೆ ಬೋಗುಣಿಗಳಲ್ಲಿಟ್ಟು, ಮೊದಲು ಹಳೆಯ ಎಲೆನೀರಿನ ಸೂಕ್ಷ್ಮಜೀವಿಗಳನ್ನೂ ಅನಂತರ ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮರಿಗಳನ್ನೂ ಕೊಟ್ಟೆ.

ಸೊಳ್ಳೆ ಕಾಟಕ್ಕೆ ಗಂಬೂಸಿಯಾ ಬಿಡಿರೆಂದು ಹಲವರು ಹೇಳುತ್ತಾರೆ. 1928ರಲ್ಲಿ ಭಾರತಕ್ಕೆ ತಂದ ಆ ಹೊರಗಿನ ಮೀನು ನಾಡಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುವುದರಿಂದ ನನಗೆ ಅದು ಬೇಡ. ತೋಟದ ಸಿಮೆಂಟ್ ತೊಟ್ಟಿಗೆ ನನ್ನ ಪ್ಯಾಂಚಾಕ್ಸ್ ಮರಿಗಳನ್ನೇ ಬಿಟ್ಟಿದ್ದೇನೆ. ಸಂಜೆ ಹೊತ್ತಿಗೆ ಇಣುಕಿದರೆ ಅವುಗಳ ನೆತ್ತಿಯ ಬೆಳ್ಳಿಚುಕ್ಕೆಗಳಷ್ಟೇ ನೀರಿನ ಮೇಲೆ ಕಾಣುತ್ತವೆ.