ಸಾಕುಹಾವಿನ ಗೂಡಿನಲ್ಲಿ ಬಯಸದೇ ಬಂದ ಬೆರಕೆ ಮೊಟ್ಟೆಗಳು: ಏನು ಮಾಡಬೇಕು?

ನಾಗರಹಾವಿಗೆ ಕೇರೆಹಾವೇ ಗಂಡು ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಬೆಳೆದ ಅನೇಕರು ಕೇಳಿರುತ್ತಾರೆ. ಅದು ನಿಜವಲ್ಲ, ಅವೆರಡೂ ಬೇರೆ ಬೇರೆ ಕುಟುಂಬದ ಹಾವುಗಳು, ಅವುಗಳಿಗೆ ಮರಿಯಾಗುವುದಿಲ್ಲ. ಆದರೆ ಅಮೆರಿಕದ ಮನೆಗಳಲ್ಲಿ ಸಾಕುವ ಕಾರ್ನ್ ಸ್ನೇಕ್ ಮತ್ತು ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್‌ಗಳ ಕಥೆ ಬೇರೆ. ಹತ್ತಿರದ ಸಂಬಂಧಿಗಳಾದ ಇವು ಕೂಡಿದರೆ ಮೊಟ್ಟೆಗಳು ಫಲಿತವಾಗುತ್ತವೆ, ಮರಿಗಳೂ ಹೊರಬರುತ್ತವೆ. ಇಂಥ ಮರಿಗಳಿಗೆ ಮಾರಾಟಗಾರರು ಇಟ್ಟಿರುವ ಹೆಸರು ಜಂಗಲ್ ಕಾರ್ನ್. ಹೇಸರಗತ್ತೆಯಂತೆ ಇವು ಬಂಜೆಯಲ್ಲ. ಮುಂದೆ ಇವುಗಳಿಗೂ ಮರಿಗಳಾಗಬಲ್ಲವು. ತೊಂದರೆಯ ಬೇರು ಇರುವುದು ಇಲ್ಲಿಯೇ.

ಒಂದು ಹಾವು ಮುಚ್ಚಳ ಸರಿಸಿ ಇನ್ನೊಂದರ ಗೂಡಿಗೆ ನುಗ್ಗಿರುವುದು ಕಂಡರೆ ಮೊದಲು ಎರಡನ್ನೂ ಬೇರ್ಪಡಿಸಬೇಕು. ಕಿಂಗ್ ಸ್ನೇಕ್ ಇತರ ಹಾವುಗಳನ್ನು ತಿನ್ನುವ ಹಾವಾದ್ದರಿಂದ, ಮೊಟ್ಟೆಯ ಚಿಂತೆಗಿಂತ ಮೊದಲು ಕಾರ್ನ್ ಸ್ನೇಕ್‌ನ ಜೀವದ ಚಿಂತೆ ಮಾಡುವುದು ಸರಿ. ಆ ದಿನಾಂಕವನ್ನು ಬರೆದಿಡಿ. ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಉಳಿಸಿಕೊಳ್ಳಬಲ್ಲದು. ಹೀಗಾಗಿ ಅದು ಹಿಂದೆ ತನ್ನದೇ ಜಾತಿಯ ಗಂಡಿನೊಂದಿಗೂ ಕೂಡಿದ್ದರೆ, ಮುಂದೆ ಬರುವ ಮೊಟ್ಟೆಗಳ ತಂದೆ ಯಾರೆಂದು ನೋಡಿ ಹೇಳುವುದು ಸಾಧ್ಯವಾಗುವುದಿಲ್ಲ. ಅನುಮಾನವಿರುವ ಇಡೀ ಸೂಲನ್ನು ಬೆರಕೆಯೆಂದೇ ಎಣಿಸುವುದು ಪ್ರಾಮಾಣಿಕ ಮಾರ್ಗ.

ಮೊಟ್ಟೆಯಿಡುವ ಮೊದಲು ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಅಲ್ಲಿಂದ ಸುಮಾರು ಹತ್ತು ದಿನಗಳಿಂದ ಎರಡು ವಾರಗಳೊಳಗೆ ಮೊಟ್ಟೆಗಳು ಬರುತ್ತವೆ. ಒದ್ದೆ ಪಾಚಿ ತುಂಬಿದ, ಹಾವು ನುಸುಳುವಷ್ಟು ತೂತಿರುವ ಡಬ್ಬಿಯೊಂದನ್ನು ಗೂಡಿನಲ್ಲಿಟ್ಟರೆ ಅದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಬೇಡವೆಂದು ಈ ಡಬ್ಬಿಯನ್ನು ಇಡದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲಿಯೇ ಸಿಕ್ಕಿಕೊಂಡು ತಾಯಿಹಾವು ಸಾಯುವ ಸಂಭವ ಹೆಚ್ಚುತ್ತದೆ.

ಮೊಟ್ಟೆಗಳು ಬಂದ ದಿನವೇ ತೀರ್ಮಾನದ ದಿನ. ಒಂದು ಸೂಲಿನಲ್ಲಿ ಹದಿನೈದು ಇಪ್ಪತ್ತು ಮೊಟ್ಟೆಗಳಿರುವುದು ಅಪರೂಪವಲ್ಲ, ಪ್ರತಿಯೊಂದು ಮರಿಯೂ ಹದಿನೈದು ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು. ಅಷ್ಟು ಮರಿಗಳನ್ನು ಬೆರಕೆಯೆಂದು ತಿಳಿದೇ ಒಯ್ಯುವ ಮನೆಗಳು ಈಗಲೇ ಗೊತ್ತಿಲ್ಲದಿದ್ದರೆ, ಮೊಟ್ಟೆಗಳನ್ನು ಒಂದೆರಡು ದಿನಗಳೊಳಗೆ ಫ್ರೀಜರಿನಲ್ಲಿ ಇಟ್ಟುಬಿಡುವುದೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಆದರೂ ವಾರಗಟ್ಟಲೆ ಕಾವು ಕೊಟ್ಟು ಭ್ರೂಣ ಬೆಳೆದ ಮೇಲೆ ಮನಸ್ಸು ಬದಲಿಸುವುದು ಇದಕ್ಕಿಂತ ಕ್ರೂರ. ಹೊರಬಂದ ಮರಿಯನ್ನಂತೂ ಫ್ರೀಜರಿಗೆ ಹಾಕಲೇಬಾರದು. ಅಂಗವಿಕಲವಾಗಿ ಹುಟ್ಟಿ ನರಳುವ ಮರಿಯಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು.

ಉಳಿಸಿಕೊಳ್ಳುವುದೆಂದಾದರೆ ಕೆಲಸ ಕಷ್ಟದ್ದೇನಲ್ಲ. ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯಂತೆ ಹೊರಳಿಸಬಾರದು, ಏಕೆಂದರೆ ಒಳಗಿನ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆಯಾದ ವರ್ಮಿಕ್ಯುಲೈಟಿನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಚೂರುಗಳು) ಇಟ್ಟು, ಥರ್ಮೋಸ್ಟಾಟ್ ನೆರವಿನಿಂದ 27–28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಕಾಯ್ದುಕೊಂಡರೆ ಸುಮಾರು ಎರಡು ತಿಂಗಳಲ್ಲಿ ಮರಿಗಳು ಚಿಪ್ಪು ಸೀಳುತ್ತವೆ. ಸೀಳಿದ ಮೇಲೂ ಅವು ಒಂದೆರಡು ದಿನ ಒಳಗೇ ಕುಳಿತಿರಬಹುದು, ಎಳೆಯಬೇಡಿ. ಕಿಂಗ್ ಸ್ನೇಕ್‌ನ ರಕ್ತವಿರುವ ಮರಿಗಳು ಒಂದನ್ನೊಂದು ನುಂಗಬಹುದಾದ್ದರಿಂದ ಪ್ರತಿಯೊಂದಕ್ಕೂ ಬೇರೆ ಡಬ್ಬಿ ಬೇಕು. ವಾರ ಹತ್ತು ದಿನಗಳಲ್ಲಿ ಮೊದಲ ಪೊರೆ ಬಿಟ್ಟ ಅನಂತರ, ಕೂದಲು ಮೂಡದ ಇಲಿಮರಿಯನ್ನು ಆಹಾರವಾಗಿ ಕೊಡಿ.

ಇನ್ನು ಹೆಸರಿನ ವಿಷಯ. ಬೆರಕೆ ಮರಿ ಮೊದಲ ತಲೆಮಾರಿನಲ್ಲಿ ಬಣ್ಣದಿಂದ ಗುರುತು ಸಿಗಬಹುದು. ಆದರೆ ಅದು ಮತ್ತೆ ಶುದ್ಧ ಕಾರ್ನ್ ಸ್ನೇಕ್‌ನೊಂದಿಗೆ ಕೂಡಿ, ಅದರ ಮರಿಯೂ ಹಾಗೆಯೇ ಕೂಡಿದರೆ, ಕಣ್ಣಿಗೆ ಎಲ್ಲವೂ ಕಾರ್ನ್ ಸ್ನೇಕ್‌ಗಳೇ. ಕಣ್ಣಿಗೆ ಕಾಣದ ಬೆರಕೆಗೆ ಫ್ಲಾರಿಡಾದ ಎವರ್‌ಗ್ಲೇಡ್ಸ್ ಒಳ್ಳೆಯ ಉದಾಹರಣೆ. ಅಲ್ಲಿ ಹಬ್ಬಿರುವ ಬರ್ಮೀಸ್ ಹೆಬ್ಬಾವುಗಳ ಪೈಕಿ ಸುಮಾರು 400ನ್ನು ಪರೀಕ್ಷಿಸಿದಾಗ, 13ರಲ್ಲಿ ನಮ್ಮ ನಾಡಿನ ಹೆಬ್ಬಾವಿನ ವಂಶಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದರು. ಆದ್ದರಿಂದ ಪ್ರತಿ ಮರಿಯ ಡಬ್ಬಿಯ ಮೇಲೆ ತಾಯಿ ತಂದೆಯ ಜಾತಿ, ಹುಟ್ಟಿದ ದಿನ ಮತ್ತು ಬೆರಕೆ ಎಂಬ ಪದವನ್ನು ಬರೆಯಿರಿ, ಕೊಡುವಾಗ ಅದನ್ನೇ ಕಾಗದದ ಮೇಲೂ ಕೊಡಿ. ಅನುಭವಿಗಳಿಂದ ಗಂಡು ಹೆಣ್ಣು ಪರೀಕ್ಷಿಸಿಸಿ, ಮುಂದೆ ಮರಿ ಮಾಡಿಸುವುದಿಲ್ಲವೆಂದು ಒಪ್ಪುವವರಿಗೇ ಕೊಡಿ. ಬೆರಕೆ ಹಾವಿನಲ್ಲಿ ತಪ್ಪೇನೂ ಇಲ್ಲ; ಅದನ್ನು ಶುದ್ಧ ತಳಿಯೆಂದು ಮಾರುವುದರಲ್ಲಿದೆ ತಪ್ಪು.

ಯಾರೂ ಒಯ್ಯದಿದ್ದರೆ ಸರೀಸೃಪಗಳ ಆಶ್ರಯಕೇಂದ್ರವನ್ನು ಕೇಳಬೇಕೇ ಹೊರತು ತೋಟದಾಚೆ ಬಿಡಬಾರದು. ಸಾಕುಹಾವುಗಳಿಂದಲೇ ಗ್ರಾನ್ ಕನೇರಿಯಾ ದ್ವೀಪದಲ್ಲಿ ನೆಲೆಯೂರಿದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್‌ಗಳು, ತಾವು ಹಬ್ಬಿದ ಕಡೆಯಲ್ಲೆಲ್ಲ ಆ ದ್ವೀಪದ ದೈತ್ಯ ಹಲ್ಲಿಗಳನ್ನು ಬಹುಮಟ್ಟಿಗೆ ಇಲ್ಲವಾಗಿಸಿವೆ. ಅಮೆರಿಕದಲ್ಲಿ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಮರಿಯನ್ನು ಗಡಿ ದಾಟಿಸುವ ಮುನ್ನ ಅಲ್ಲಿನ ವನ್ಯಜೀವಿ ಇಲಾಖೆಯ ನಿಯಮ ನೋಡುವುದು ಅಗತ್ಯ. ಭಾರತದಲ್ಲಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಕೇರೆಯನ್ನಾಗಲಿ ಹೆಬ್ಬಾವನ್ನಾಗಲಿ ಮನೆಯಲ್ಲಿ ಸಾಕುವಂತೆಯೇ ಇಲ್ಲ. ಬಾಲ್ ಪೈಥಾನಿನಂಥ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವಿದ್ದರೆ, 2022ರ ತಿದ್ದುಪಡಿಯ ಬಳಿಕ ಅದರ ನೋಂದಣಿ ಕಡ್ಡಾಯ, ಹುಟ್ಟಿದ ಮರಿಗಳ ವಿವರವನ್ನೂ ಅಧಿಕಾರಿಗಳಿಗೆ ತಿಳಿಸಬೇಕು.

ಈ ನಡುವೆ ತಾಯಿಹಾವನ್ನು ಮರೆಯಬಾರದು. ಮೊಟ್ಟೆಯಿಟ್ಟು ಬಡಕಲಾದ ಅದಕ್ಕೆ ಚಿಕ್ಕ ಇಲಿಗಳನ್ನು ಸ್ವಲ್ಪ ಬೇಗ ಬೇಗನೆ ಕೊಡುತ್ತ ಹೋಗಿ. ಪಾಚಿಯ ಡಬ್ಬಿಯನ್ನು ಎತ್ತಿಡುವ ಆತುರ ಬೇಡ: ಕಾರ್ನ್ ಸ್ನೇಕ್ ಮತ್ತೆ ಗಂಡಿನ ಜೊತೆ ಸೇರದೆಯೂ ಅದೇ ವರ್ಷ ಎರಡನೆಯ ಸಲ ಮೊಟ್ಟೆಯಿಡಬಹುದು, ಆ ಮೊಟ್ಟೆಗಳನ್ನೂ ಬೆರಕೆಯೆಂದೇ ಬರೆದಿಡಬೇಕಾಗುತ್ತದೆ.