ಮೊದಲು ಊಹೆ, ಆಮೇಲೆ ಅಳತೆ: ತರಗತಿಯಲ್ಲೊಂದು ಚಟುವಟಿಕೆ ವಾರ

ಚಟುವಟಿಕೆ ಅಂದಕೂಡಲೇ ಥರ್ಮೊಕೋಲು, ಮಿಂಚಿನ ಕಾಗದ, ಗೋಂದು ನೆನಪಾಗುತ್ತವೆ. ರಾತ್ರಿ ಅಪ್ಪನೋ ಅಕ್ಕನೋ ಕೂತು ಅಂಟಿಸಿಕೊಟ್ಟ ಮಾದರಿಯನ್ನು ಮಗು ಬೆಳಿಗ್ಗೆ ಹೊತ್ತು ತರುತ್ತದೆ. ಅದನ್ನು ಚಟುವಟಿಕೆ ಎನ್ನಲು ನನಗಂತೂ ಮನಸ್ಸಿಲ್ಲ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ಯಾವ ಹಳ್ಳಿ ಶಾಲೆಯಲ್ಲಾದರೂ ನಾಲ್ಕು–ಐದನೇ ತರಗತಿಯ ಮಕ್ಕಳು ತಾವೇ ಮಾಡಬಹುದಾದ ಒಂದು ವಾರದ ಕೆಲಸ ಇಲ್ಲಿದೆ. ಬೀಜ, ಮಣ್ಣು, ನೀರು, ಬಿಸಿಲು, ನಾಲ್ಕಾರು ಹಳೇ ಬಾಟಲಿ ಇದ್ದರೆ ಆಯಿತು. ಪಾಲಿಸಬೇಕಾದ ನಿಯಮ ಒಂದೇ. ಏನಾಗಬಹುದು ಅಂತ ಪ್ರತಿ ಮಗುವೂ ಮೊದಲು ಪಟ್ಟಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆಯಬೇಕು, ಆಮೇಲೆ ಮಾಡಿ ನೋಡಬೇಕು. ಉತ್ತರವನ್ನು ಮೇಷ್ಟ್ರೇ ಮುಂಚೆ ಹೇಳಿಬಿಟ್ಟರೆ ಉಳಿಯುವುದು ಬರೀ ಕೈ ಕೆಸರು.

ಸೋಮವಾರ

ದಿನ ಹಿಡಿಯುವ ಕೆಲಸವನ್ನು ಮೊದಲ ದಿನವೇ ಶುರು ಮಾಡಬೇಕು. ಮನೆಯಿಂದ ಒಂದೊಂದು ಹಿಡಿ ಶೇಂಗಾ, ಮೆಕ್ಕೆಜೋಳ ತರಿಸಿ. ಶೇಂಗಾ ಹುರಿದದ್ದಾಗಿರಬಾರದು. ಕಾಯಿ ಮಕ್ಕಳೇ ಸುಲಿಯಲಿ, ಆದರೆ ಕಾಳಿನ ಮೇಲಿನ ಕೆಂಪು ಸಿಪ್ಪೆ ಹಾಗೇ ಇರಲಿ. ಬಿತ್ತನೆಗೆಂದು ಅಂಗಡಿಯಿಂದ ತಂದ ಬೀಜ ಮಾತ್ರ ಬೇಡವೇ ಬೇಡ. ಅದಕ್ಕೆ ಔಷಧಿ ಸವರಿರುತ್ತಾರೆ, ಗುಲಾಬಿಯೋ ಕೆಂಪೋ ಬಣ್ಣ ಹತ್ತಿರುತ್ತದೆ. ಮಕ್ಕಳ ಕೈ ಬಾಯಿಗೆ ಹೋಗದೆ ಇರುವುದಿಲ್ಲ.

ಬೆಳಿಗ್ಗೆ ನೆನೆಹಾಕಿ, ಶಾಲೆ ಬಿಡುವ ಹೊತ್ತಿಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ನೆನೆಸದ ಕಾಳಿನ ಇನ್ನೊಂದು ಗಂಟು ಒಣ ಬಟ್ಟೆಯಲ್ಲಿರಲಿ. ಮೂರನೆಯದನ್ನು ಲೋಟದ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಯಾವುದು ಚೆನ್ನಾಗಿ ಮೊಳೆಯುತ್ತದೆ ಅಂತ ಕೇಳಿದರೆ ಮುಳುಗಿದ ಗಂಟಿಗೆ ಬಹಳ ಕೈ ಏಳುತ್ತವೆ. ‘ಅದ್ಕೆ ನೀರು ಜಾಸ್ತಿ ಐತಲ್ಲ ಮಿಸ್’ ಎನ್ನುವ ವಾದವೂ ಬರುತ್ತದೆ. ಹೌದು ಅಲ್ಲ ಏನೂ ಹೇಳದೆ, ಊಹೆ ಬರೆಸಿಕೊಂಡು ಪಟ್ಟಿ ಮುಚ್ಚಿಸಿ. ಒದ್ದೆ ಬಟ್ಟೆಗೆ ದಿನಕ್ಕೆರಡು ಸಲ ನೀರು ಚಿಮುಕಿಸುವ ಪಾಳಿ ಹಾಕಿಬಿಡಿ.

ಮಂಗಳವಾರ

ಮಸಾರಿ (ಕೆಂಪು ಮಣ್ಣಿನ) ಹೊಲದ್ದೊಂದು ಬುಟ್ಟಿ ಮಣ್ಣು, ಎರೆ (ಕಪ್ಪು ಮಣ್ಣಿನ) ಹೊಲದ್ದೊಂದು ಬುಟ್ಟಿ. ನಮ್ಮ ಜಿಲ್ಲೆಯಲ್ಲಿ ಎರಡಕ್ಕೂ ಬರವಿಲ್ಲ. ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲೆಸಿ, ಅಂಗೈಯಲ್ಲಿ ಹೊಸೆಯಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಎರೆಮಣ್ಣು ದಾರದಂತೆ ಉದ್ದವಾಗಿ ಬಂದು ಬಳೆಯಾಗಿ ಬಾಗುತ್ತದೆ, ಮಸಾರಿ ನಡುವೆಯೇ ಮುರಿಯುತ್ತದೆ.

ಇನ್ನು ನೀರಿನ ಪರೀಕ್ಷೆ. ಒಂದು ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಮೇಲ್ಗಡೆ ಮೂರನೇ ಒಂದು ಪಾಲಿಗೆ ಕತ್ತರಿಸಿ. ಕತ್ತರಿ ನಿಮ್ಮ ಕೈಯಲ್ಲೇ ಇರಲಿ. ಬಾಯಿಗೆ ಬಟ್ಟೆ ಬಿಗಿದು, ಆ ಮೇಲ್ಭಾಗವನ್ನು ತಲೆಕೆಳಗಾಗಿಸಿ ಉಳಿದ ತಳದೊಳಗೆ ಕೂರಿಸಿ. ಒಂದರಲ್ಲಿ ಮಸಾರಿ, ಇನ್ನೊಂದರಲ್ಲಿ ಅಷ್ಟೇ ಎರೆ. ಎರೆ ಹೆಂಟೆಯನ್ನು ಚೆನ್ನಾಗಿ ಪುಡಿ ಮಾಡಲೇಬೇಕು, ಇಲ್ಲದಿದ್ದರೆ ಹೆಂಟೆಗಳ ಸಂದಿಯಲ್ಲಿ ನೀರು ಸರ್ರನೆ ಇಳಿದು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎರಡಕ್ಕೂ ಒಂದೊಂದು ಲೋಟ ನೀರು ಒಟ್ಟಿಗೇ ಹೊಯ್ದು ಮೊದಲ ಹನಿ ಎಷ್ಟು ಹೊತ್ತಿಗೆ ಬಿತ್ತು, ಅರ್ಧ ಗಂಟೆಯಲ್ಲಿ ಎಷ್ಟು ನೀರು ಕೆಳಗಿಳಿಯಿತು ಬರೆಸಿ. ಮಸಾರಿ ಬೇಗ ಬಿಟ್ಟುಕೊಡುತ್ತದೆ, ಎರೆ ಹಿಡಿದುಕೊಳ್ಳುತ್ತದೆ. ಹಿಂಗಾರಿನ ಕಡಲೆಗೆ ಎರೆಯನ್ನೇ ಏಕೆ ನೆಚ್ಚುತ್ತಾರೆ, ಶೇಂಗಾ ಕೀಳುವುದು ಮಸಾರಿಯಲ್ಲಿ ಏಕೆ ಸಲೀಸು ಅಂತ ಇಲ್ಲಿ ಕೇಳಿ. ಹೊಲದ ಮನೆಯ ಮಕ್ಕಳು ನಿಮಗೇ ಪಾಠ ಹೇಳುತ್ತಾರೆ.

ಬುಧವಾರ

ಬಯಲಿನಲ್ಲಿ ನೇರವಾದ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. 11.30ರಿಂದ ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟು ಅಳೆಯಲಿ. ನೆರಳು ಅತಿ ಗಿಡ್ಡವಾಗುವುದು 12ಕ್ಕೆ ಎಂದು ಇಡೀ ತರಗತಿ ಬರೆದಿರುತ್ತದೆ, ಪಕ್ಕದ ಕೋಣೆಯ ಮೇಷ್ಟ್ರೂ ಹಾಗೇ ಹೇಳಬಹುದು. ಆದರೆ ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಚಿತ್ರದುರ್ಗ ಇರುವುದು ಸುಮಾರು 76.4ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸೂರ್ಯ ಇಲ್ಲಿ ನೆತ್ತಿಯ ಗೆರೆಗೆ ಬರುವುದು ಸುಮಾರು 24 ನಿಮಿಷ ತಡ. ಕಾಲಕ್ಕೆ ತಕ್ಕಂತೆ ಅದು ನವೆಂಬರಿನಲ್ಲಿ 12.10ರ ಹತ್ತಿರಕ್ಕೂ ಫೆಬ್ರುವರಿಯಲ್ಲಿ 12.40ರ ಹತ್ತಿರಕ್ಕೂ ಸರಿಯುತ್ತದೆ. ಅತಿ ಗಿಡ್ಡ ನೆರಳೇ ಉತ್ತರ–ದಕ್ಷಿಣದ ಗೆರೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅದು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಮೋಡ ಅಡ್ಡ ಬಾರದಿದ್ದರೆ, ಧ್ವಜಕಂಬದ ನೆರಳು ಕಂಬದ ಬುಡಕ್ಕೇ ಬಂದು ಸೇರುವುದನ್ನು ನೋಡಬಹುದು. ಸೂರ್ಯನನ್ನು ಯಾರೂ ದಿಟ್ಟಿಸದ ಹಾಗೆ ಎಚ್ಚರ ವಹಿಸಿ.

ಗುರುವಾರ

ಗಂಟು ಬಿಚ್ಚುವ ದಿನ. ಒಣ ಗಂಟು ಇದ್ದಂತೆಯೇ ಇರುತ್ತದೆ. ಮುಳುಗಿದ ಕಾಳು ಉಬ್ಬಿ, ಗಾಳಿ ಸಾಲದೆ ನಾರತೊಡಗಿರುತ್ತದೆ. ಮೂಗು ಮುಚ್ಚಿಕೊಂಡು ನಗುವವರು ನಗಲಿ, ನೀರಿನ ಜೊತೆ ಗಾಳಿಯೂ ಬೇಕೆಂದು ಅವರಿಗೆ ಆ ನಾತವೇ ಹೇಳಿರುತ್ತದೆ. ಒದ್ದೆ ಬಟ್ಟೆಯಲ್ಲಿ ಬಿಳಿ ಬೇರು ಇಣುಕಿರುತ್ತದೆ. ಚಳಿಗಾಲವಾದರೆ ಇನ್ನೊಂದು ದಿನ ಕಾಯಿರಿ. ಶೇಂಗಾ ಎರಡು ಬೇಳೆಯಾಗಿ ಬಿಡಿಸಿಕೊಳ್ಳುತ್ತದೆ, ಮೆಕ್ಕೆಜೋಳ ಬಿಡಿಸಿಕೊಳ್ಳುವುದಿಲ್ಲ. ಬೇಳೆ ಬಿಡಿಸಿ ಒಳಗಿನ ಪುಟ್ಟ ಎಲೆಗಳನ್ನು ನೋಡಿ ಚಿತ್ರ ಬರೆಯಲಿ.

ಹೊತ್ತು ಮಿಕ್ಕರೆ ಪಾವು ತುಂಬ ಮಂಡಕ್ಕಿ, ಪಾವು ತುಂಬ ಜೋಳ ಅಳೆದು ತಕ್ಕಡಿಗಿಡಿ. ಸೇರು–ಪಾವಿನ ಅಳತೆಗೂ ಕಿಲೋ–ಗ್ರಾಮಿನ ತೂಕಕ್ಕೂ ಇರುವ ವ್ಯತ್ಯಾಸಕ್ಕೆ ಬೇರೆ ಪಾಠ ಬೇಡ. ಅಳೆದ ಮಂಡಕ್ಕಿಗೆ ಈರುಳ್ಳಿ, ಖಾರ ಸೇರಿಸುವುದು ನಿಮ್ಮಿಷ್ಟ.

ಶುಕ್ರವಾರ

ಚಿತ್ರದುರ್ಗದ ಕೋಟೆಯಲ್ಲಿ ಮಳೆನೀರು ಒಂದು ಹೊಂಡ ತುಂಬಿದ ಮೇಲೆ ಕೆಳಗಿನದಕ್ಕೆ ಹರಿಯುತ್ತಿತ್ತು. ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ. ಅದನ್ನೇ ಮೂರು ಡಬ್ಬಿಗಳಲ್ಲಿ ಮಾಡಿ. ಮೊದಲನೆಯದು ನಾಲ್ಕು ಇಟ್ಟಿಗೆಯ ಮೇಲೆ, ಎರಡನೆಯದು ಎರಡರ ಮೇಲೆ, ಮೂರನೆಯದು ನೆಲದಲ್ಲಿ. ಮೇಲಿನ ಎರಡಕ್ಕೂ ಬಾಯಿಂದ ಎರಡು ಬೆರಳು ಕೆಳಗೆ ತೂತು ಮಾಡಿ, ತೋಟದ ಡ್ರಿಪ್ ಪೈಪಿನ ತುಂಡು ಸಿಕ್ಕಿಸಿ, ಸುತ್ತ ಎರೆಮಣ್ಣು ಮೆತ್ತಿ. ಚೊಂಬಿನಿಂದ ನಿಧಾನ ನೀರು ಸುರಿಯಲಿ. ತೂತನ್ನು ತಳದಲ್ಲೇ ಮಾಡಿದ್ದರೆ ಮೇಲಿನ ಹೊಂಡದಲ್ಲಿ ಎಷ್ಟು ನೀರು ನಿಲ್ಲುತ್ತಿತ್ತು? ಮೊದಲು ಊಹೆ, ಆಮೇಲೆ ಇನ್ನೊಂದು ಡಬ್ಬಿ ಕೊಟ್ಟು ಮಾಡಿಸಿ.

ಶನಿವಾರ

ಬೆಳಗಿನ ತರಗತಿ, ಹೆಚ್ಚೇನೂ ಇಟ್ಟುಕೊಳ್ಳಬೇಡಿ. ಬೋರ್ಡಿನ ಒಂದು ಪಕ್ಕ ವಾರದ ಊಹೆಗಳು, ಇನ್ನೊಂದು ಪಕ್ಕ ಅಳೆದದ್ದು. ಊಹೆ ತಪ್ಪಿದವರ ಹೆಸರು ಬರೆಯಬೇಡಿ, ತಪ್ಪಿದ ಊಹೆ ಅಳಿಸಲೂ ಬೇಡಿ. ಆಮೇಲೆ ಮೊಳೆತ ಶೇಂಗಾವನ್ನು ಕೈಪಂಪಿನ ಬಳಿ, ನೀರು ನಿಲ್ಲದ ಜಾಗದಲ್ಲಿ, ಗೇಣು ದೂರಕ್ಕೊಂದರಂತೆ ಬೇರು ಕೆಳಗಾಗಿ ಊರಿ. ತಿಂಗಳು ಕಳೆಯುವ ಹೊತ್ತಿಗೆ ಹಳದಿ ಹೂ ಬರುತ್ತದೆ. ಆಗ ಬುಡದ ಮಣ್ಣು ಸಡಿಲಿಸಿ ಏರುಹಾಕಿಸಿ, ಶೇಂಗಾ ಕಾಯಿ ಬೇರಿನಲ್ಲಿ ಬಿಡುತ್ತದೋ ಹೂವಿನಿಂದ ಬರುತ್ತದೋ ಅಂತ ಹೊಸ ಊಹೆ ಬರೆಸಿಟ್ಟುಕೊಳ್ಳಿ.